ಮೆಟಲ್ ಬಾರಿಸುವ ಹುಡುಗರಿಗೆ ಎಂಥ ಸ್ನೇರ್ ಕೊಡಿಸಬೇಕು?

ಮಾನ್ಯ ಸಂಪಾದಕರೇ,

ತುಮಕೂರಿನ ಕಾಲೇಜುಗಳಲ್ಲಿ ವಾರ್ಷಿಕೋತ್ಸವದ ತಯಾರಿ ಶುರುವಾದರೆ ಸಾಕು, ಎಲ್ಲಾದರೂ ಒಂದು ಮೆಟಲ್ ಬ್ಯಾಂಡ್ (ಅಬ್ಬರದ ರಾಕ್ ಸಂಗೀತದ ತಂಡ) ಹುಟ್ಟಿಕೊಳ್ಳುತ್ತದೆ. ಆರ್ಕೆಸ್ಟ್ರಾಗಳು ರಿದಮ್ ಪ್ಯಾಡ್‌ನಲ್ಲೇ ಕೆಲಸ ಮುಗಿಸುವ ಕಾಲದಲ್ಲಿ ನಿಜವಾದ ಡ್ರಮ್ಸ್ ಮುಂದೆ ಕೂರುವ ಈ ಮಕ್ಕಳನ್ನು ಕಂಡರೆ ಡ್ರಮ್ಸ್ ಕಲಿಸುವ ನಮಗೆ ತುಂಬ ಅಭಿಮಾನ. ಆದರೆ ವೇದಿಕೆಯಲ್ಲಿ ಸದ್ದು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಎರಡು ಗಿಟಾರ್ ಮೊಳಗಿದ ಕೂಡಲೇ ಅವರ ಸ್ನೇರ್, ಅಂದರೆ ಕೆಳಮೈಗೆ ತಂತಿ ಕಟ್ಟಿದ ಮುಖ್ಯ ಡ್ರಮ್, ಎಲ್ಲೋ ಮುಳುಗಿಹೋಗುತ್ತದೆ. ಎಷ್ಟು ಜೋರಾಗಿ ಹೊಡೆದರೂ 'ಧಬ್' ಎನ್ನುತ್ತದೆಯೇ ಹೊರತು 'ಟಕ್' ಎಂದು ಸಿಡಿಯುವುದಿಲ್ಲ. ಬಹಳಷ್ಟು ಸಲ ದೋಷ ಹುಡುಗನ ಕೈಯದ್ದಲ್ಲ. ಅಂಗಡಿಯಲ್ಲಿ ಆರಿಸಿದ ಡ್ರಮ್‌ನದ್ದು, ಅದಕ್ಕೂ ಹೆಚ್ಚಾಗಿ ಅದರ ಮೇಲೆ ಹಾಕಿದ ಹೆಡ್‌ನದ್ದು, ಅಂದರೆ ಡ್ರಮ್ ಬಾಯಿಗೆ ಬಿಗಿದ ಪ್ಲಾಸ್ಟಿಕ್ ಹಾಳೆಯದ್ದು. ಕಡಿಮೆ ದುಡ್ಡಿನಲ್ಲಿ ಸ್ನೇರ್ ಕೊಡಿಸಲು ಹೊರಟಿರುವ ತಂದೆತಾಯಂದಿರಿಗೂ ಹುಡುಗರಿಗೂ ಅನುಕೂಲವಾಗಲೆಂದು ಈ ಪತ್ರ.

ಮೊದಲಿಗೆ, ಇರುವ ದುಡ್ಡನ್ನೆಲ್ಲ ಡ್ರಮ್‌ಗೇ ಸುರಿಯಬೇಡಿ. ಐದರಲ್ಲಿ ಒಂದು ಪಾಲನ್ನು ಹೊಸ ಹೆಡ್‌ಗೂ ಸ್ನೇರ್ ತಂತಿಗೂ ಎತ್ತಿಡಿ. ಅಗ್ಗದ ಡ್ರಮ್ ಜತೆ ಬರುವ ಹೆಡ್ ಸಾಮಾನ್ಯವಾಗಿ ಬೇಗ ಹಿಗ್ಗುತ್ತದೆ, ಟ್ಯೂನಿಂಗ್ ನಿಲ್ಲುವುದಿಲ್ಲ. ಸಾಧಾರಣ ಶೆಲ್‌ಗೆ (ಡ್ರಮ್‌ನ ದುಂಡು ಗೂಡಿಗೆ) ಒಳ್ಳೆಯ ಹೆಡ್ ಹಾಕಿದರೆ ವೇದಿಕೆಗೆ ಸಾಕಾಗುವ ಸದ್ದು ಸಿಗುತ್ತದೆ. ದುಬಾರಿ ಶೆಲ್‌ಗೆ ಸತ್ತ ಹೆಡ್ ಇದ್ದರೆ ಏನೂ ಸಿಗುವುದಿಲ್ಲ.

ಡ್ರಮ್ ವಿಷಯದಲ್ಲಿ ನಮ್ಮ ಮಾತು ಒಂದೇ: 14 ಇಂಚು ಅಗಲ, 6.5 ಇಂಚು ಆಳ, ಉಕ್ಕಿನ ಶೆಲ್, 10 ಲಗ್ (ಹೆಡ್ ಬಿಗಿ ಮಾಡುವ ರಾಡ್‌ಗಳು ಕೂರುವ ಹಿಡಿಕೆ). ಉಕ್ಕು ಅಗ್ಗ, ಸದ್ದು ಹರಿತ, ಗಿಟಾರ್‌ಗಳ ನಡುವಿನಿಂದ ಸೀಳಿಕೊಂಡು ಬರುತ್ತದೆ. ಹಿತ್ತಾಳೆಯಲ್ಲಿ ನಾದ ಇನ್ನೂ ತುಂಬಿಕೊಂಡಿರುತ್ತದೆ, ಆದರೆ ಬೆಲೆ ಹೆಚ್ಚು. ಮೇಪಲ್, ಬರ್ಚ್ ಮರದ್ದು ಕೆಟ್ಟದ್ದೇನಲ್ಲ. ಆದರೆ ಒಂದೇ ಬೆಲೆಯ ಮರದ್ದು ಮತ್ತು ಉಕ್ಕಿನದ್ದು ಎದುರಿಗಿದ್ದರೆ ಮೆಟಲ್‌ಗೆ ಉಕ್ಕಿನದ್ದನ್ನೇ ತೆಗೆದುಕೊಳ್ಳಿ. 8 ಇಂಚು ಆಳದ್ದು ನೋಡಲು ಗಡುಸು, ಆದರೆ ಮೆಲುಪೆಟ್ಟಿಗೆ ತಂತಿ ಬೇಗ ಮಾತಾಡುವುದಿಲ್ಲ. ಬ್ಲಾಸ್ಟ್ ಬೀಟ್ (ಮಿಂಚಿನ ವೇಗದ ಪೆಟ್ಟು) ಬಾರಿಸುವವರಿಗೆ ಅದು ಭಾರವಾಗುತ್ತದೆ, ಅವರಿಗೆ 5.5 ಇಂಚಿನದ್ದೂ ಸಾಕು. 13 ಇಂಚು ಅಗಲದ್ದನ್ನು ಆಟಿಕೆ ಎಂದು ತಳ್ಳಿಹಾಕಬೇಕಿಲ್ಲ. ಸ್ಲಿಪ್‌ನಾಟ್ ಎಂಬ ಅಮೆರಿಕದ ಮೆಟಲ್ ತಂಡದ ಡ್ರಮ್ಮರ್ ಆಗಿದ್ದ ಜೋಯಿ ಜೋರ್ಡಿಸನ್ ಹೆಸರಿನಲ್ಲಿ ಪರ್ಲ್ ಕಂಪನಿ ತಂದಿದ್ದು 13 ಇಂಚು ಅಗಲ, 6.5 ಇಂಚು ಆಳದ ಉಕ್ಕಿನ ಸ್ನೇರ್. ಆದರೂ ಮೊದಲ ಸ್ನೇರ್ 14 ಇಂಚಿನದ್ದೇ ಇರಲಿ, ಹೆಡ್ ಹರಿದ ದಿನ ಹುಡುಕಾಟ ತಪ್ಪುತ್ತದೆ.

ಮದುವೆ ಬ್ಯಾಂಡ್‌ಸೆಟ್‌ನವರ ಸೈಡ್ ಡ್ರಮ್ಮನ್ನು ಸ್ಟ್ಯಾಂಡ್ ಮೇಲಿಟ್ಟು ಸ್ನೇರ್ ಮಾಡಿಕೊಳ್ಳುವ ಯೋಚನೆ ಕೈಬಿಡಿ. ಅದನ್ನು ಮಾಡಿರುವುದು ಹೆಗಲಿಗೆ ಹಾಕಿ ನಡೆಯುತ್ತ ಬಾರಿಸಲು. ಹಾಗೆಯೇ 6 ಲಗ್‌ನ ಸ್ನೇರ್ ಬೇಡ. ಲಗ್ ಕಡಿಮೆಯಾದಷ್ಟೂ ಒಂದೊಂದು ರಾಡ್ ಮೇಲೆ ಎಳೆತ ಹೆಚ್ಚು, ಹೆಡ್ ಸಮವಾಗಿ ಬಿಗಿಯಾಗುವುದಿಲ್ಲ. 8 ಇದ್ದರೆ ನಡೆಯುತ್ತದೆ.

ಮೆಟಲ್‌ನಲ್ಲಿ ಬಹುಪಾಲು ಪೆಟ್ಟು ರಿಮ್‌ಶಾಟ್. ಕಡ್ಡಿ ಹೆಡ್ಡಿಗೂ ಹೂಪಿಗೂ (ಹೆಡ್ಡನ್ನು ಹಿಡಿದಿಡುವ ಲೋಹದ ಬಳೆಗೂ) ಒಟ್ಟಿಗೇ ಬೀಳುತ್ತದೆ. ಆದ್ದರಿಂದ ಹೂಪ್ 2.3 ಮಿಲಿಮೀಟರ್ ದಪ್ಪದ್ದಿರಬೇಕು. 1.6 ಮಿಲಿಮೀಟರ್‌ನದ್ದು ಕೆಲವೇ ತಿಂಗಳಲ್ಲಿ ಸೊಟ್ಟಗಾಗಬಹುದು. ಅಚ್ಚಿನಲ್ಲಿ ಎರೆದ ಡೈ-ಕಾಸ್ಟ್ ಹೂಪ್ ಇನ್ನೂ ಗಟ್ಟಿ, ಗುಂಯ್‌ಗುಡುವುದನ್ನೂ ತಗ್ಗಿಸುತ್ತದೆ. ಆದರೆ ಮೊದಲ ದಿನವೇ ಅದಕ್ಕೆ ಖರ್ಚು ಮಾಡಬೇಕಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಡ್ರಮ್ ಕೀ (ರಾಡ್ ತಿರುಗಿಸುವ ಚಾವಿ) ಜೇಬಿನಲ್ಲಿರಲಿ. ಎರಡೂ ಹೆಡ್ ಬಿಚ್ಚಿಸಿ. ಬರೀ ಶೆಲ್ಲನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯಂಥ ಸಮತಟ್ಟಾದ ಕಲ್ಲಿನ ಮೇಲೆ ಬೋರಲು ಹಾಕಿ, ಒಳಗೆ ಮೊಬೈಲ್ ಟಾರ್ಚ್ ಹೊತ್ತಿಸಿಟ್ಟು, ಕೋಣೆಯ ದೀಪ ಆರಿಸಿ, ಅಂಚಿನ ಸುತ್ತ ಕಣ್ಣಾಡಿಸಿ. ಮೇಲಿನ ಹೆಡ್ ಕೂರುವ ಅಂಚನ್ನು ಕೆಳಗೆ ಮಾಡಿದಾಗ ಎಲ್ಲೂ ಬೆಳಕು ಸೋರಬಾರದು. ತಿರುವಿ ಹಾಕಿದಾಗ ಮಾತ್ರ ತಂತಿ ಹಾಯುವ ಎದುರುಬದುರು ಎರಡು ಕಡೆ ತೆಳುವಾಗಿ ಬೆಳಕು ಕಾಣಬೇಕು. ಅದು ತಂತಿಗಾಗಿ ಬೇಕೆಂದೇ ಮಾಡಿದ ತಗ್ಗು. ಆ ತಗ್ಗು ಇಲ್ಲದ ಡ್ರಮ್‌ನಲ್ಲಿ ತಂತಿ ಹೆಡ್‌ಗೆ ಸರಿಯಾಗಿ ಅಂಟದೆ ಸದಾ ಗಿರಗಿರ ಎನ್ನುತ್ತದೆ. ಆಮೇಲೆ ಪ್ರತಿ ರಾಡನ್ನೂ ಬರಿಬೆರಳಿನಿಂದ ಲಗ್‌ಗೆ ತಿರುಗಿಸಿ. ಕೀ ಇಲ್ಲದೆ ಒಳಗಿಳಿಯದಿದ್ದರೆ ತಿರುಪಿನ ಮರೆ ಸವೆದಿರಬಹುದು, ಇಲ್ಲವೇ ರಾಡ್ ಬಾಗಿರಬಹುದು. ತಂತಿಯನ್ನು ಹೆಡ್‌ಗೆ ಒತ್ತಿಸುವ, ಸಡಿಲಿಸುವ ಸ್ಟ್ರೇನರ್‌ನ ಲಿವರ್ ಹತ್ತಾರು ಸಲ ಹಾಕಿ ತೆಗೆದು ನೋಡಿ, ನಾಲ್ಕು ಜೋರು ಪೆಟ್ಟಿಗೇ ತಾನಾಗಿ ಬಿದ್ದುಹೋಗುವಂಥದ್ದು ಬೇಡ. ಹಳೇ ಹೆಡ್ ಹರಿದಿದ್ದರೆ ಚಿಂತೆಯಿಲ್ಲ, ಹೇಗೂ ಬದಲಿಸುವುದೇ. ಅದನ್ನೇ ತೋರಿಸಿ ಬೆಲೆ ಇಳಿಸಿ.

ಮೇಲಿನ ಹೆಡ್ ಎರಡು ಪದರದ್ದು, ನಟ್ಟನಡುವೆ ಗಟ್ಟಿತನಕ್ಕೆಂದು ಅಂಟಿಸಿದ ದುಂಡು ಚುಕ್ಕೆ ಇರುವುದು ಬಾಳಿಕೆಗೆ ಒಳ್ಳೆಯದು. ರೆಮೋ ಕಂಪನಿಯ ಎಂಪರರ್ ಎಕ್ಸ್, ಇವಾನ್ಸ್ ಕಂಪನಿಯ ಹೆವಿವೆಯ್ಟ್ ಈ ಬಗೆಯವು. ವೇಗದ ಮೆಲುಪೆಟ್ಟು ಹೆಚ್ಚಿದ್ದರೆ ಒಂದೇ ಪದರದ ಚುಕ್ಕೆ ಹೆಡ್ ಆದರೂ ಸರಿ. ಹೆಚ್ಚು ಜನ ಎಡವುವುದು ಕೆಳಗಿನ ಹೆಡ್ ವಿಷಯದಲ್ಲಿ. ಅಲ್ಲಿಗೆ ಸ್ನೇರ್ ಸೈಡ್ ಎಂದು ಬರೆದಿರುವ, 3 ಮಿಲ್ ದಪ್ಪದ, ಅಂದರೆ ಮಿಲಿಮೀಟರ್‌ನ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾದ ಪಾರದರ್ಶಕ ಹೆಡ್ಡೇ ಆಗಬೇಕು. ಮೇಲಿನದ್ದನ್ನೇ ಕೆಳಗೂ ಹಾಕಿಕೊಟ್ಟರೆ ತಂತಿ ಅರ್ಧಕ್ಕರ್ಧ ಮೂಕವಾಗುತ್ತದೆ. ತಂತಿ 20 ಎಳೆಯದ್ದು ಸಾಕು. ಒಂದು ಎಳೆ ಬಾಗಿ ಜೋಲುತ್ತಿದ್ದರೆ ಎರಡೂ ತುದಿಯಲ್ಲಿ ಕತ್ತರಿಸಿ ತೆಗೆಯಿರಿ, ಕಿರಿಕಿರಿ ನಿಲ್ಲುತ್ತದೆ.

ತಮಟೆಯವರು ಕಾಯಿಸದೆ ಬಾರಿಸುವುದಿಲ್ಲ, ಸ್ನೇರ್‌ಗೆ ಟ್ಯೂನಿಂಗ್ ಕೂಡ ಹಾಗೆಯೇ. ಲಿವರ್ ಇಳಿಸಿ ತಂತಿ ಸಡಿಲಿಸಿ. ಒಂದು ಹೆಡ್ ಟ್ಯೂನ್ ಮಾಡುವಾಗ ಇನ್ನೊಂದು ದನಿಗೂಡದಂತೆ ಡ್ರಮ್ಮನ್ನು ಮಡಿಸಿದ ಕಂಬಳಿಯ ಮೇಲಿಡಿ. ಎಲ್ಲ ರಾಡನ್ನೂ ಬೆರಳಿನಲ್ಲಿ ಆದಷ್ಟು ಬಿಗಿ ಮಾಡಿ, ಬಳಿಕ ಕೀ ಹಾಕಿ ಎದುರುಬದುರಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಬನ್ನಿ. ಒಂದರ ಪಕ್ಕದ್ದನ್ನೇ ಸಾಲಾಗಿ ಬಿಗಿ ಮಾಡಿದರೆ ಹೆಡ್ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಪ್ರತಿ ಲಗ್‌ನಿಂದ ಒಂದು ಇಂಚು ಒಳಗೆ ಕಡ್ಡಿಯ ತುದಿಯಿಂದ ತಟ್ಟಿ, ಎಲ್ಲ ಕಡೆ ಒಂದೇ ದನಿ ಬರುವ ತನಕ ಸರಿಪಡಿಸಿ. ಫೋನಿನ ಟ್ಯೂನರ್ ಆ್ಯಪ್‌ನಲ್ಲಿ ನೋಡುವುದಾದರೆ ಮೇಲಿನದ್ದು 280 ಹರ್ಟ್ಸ್, ಕೆಳಗಿನದ್ದು 370 ಹರ್ಟ್ಸ್ ಆಸುಪಾಸಿನಿಂದ ಶುರು ಮಾಡಿ. ಕೊನೆಗೆ ಲಿವರ್ ಏರಿಸಿ, ಹೆಡ್‌ನ ಅಂಚಿನಲ್ಲಿ ಮೆಲ್ಲಗೆ ತಟ್ಟಿದರೂ ತಂತಿ ಸ್ಪಷ್ಟವಾಗಿ ಮಾತಾಡುವಷ್ಟಕ್ಕೆ ಸ್ಟ್ರೇನರ್‌ನ ಗುಬ್ಬಿ (ನಾಬ್) ತಿರುಗಿಸಿ, ಅಲ್ಲಿಗೇ ನಿಲ್ಲಿಸಿ. ಅದಕ್ಕಿಂತ ಬಿಗಿ ಮಾಡಿದರೆ ಡ್ರಮ್‌ನ ಉಸಿರು ಕಟ್ಟುತ್ತದೆ.

ರೂಮಿನಲ್ಲಿ ಸ್ವಲ್ಪ ಗುಂಯ್ ಎಂದಿತೆಂದು ಹೆಡ್ ತುಂಬ ಟೇಪ್ ಮೆತ್ತುವವರಿದ್ದಾರೆ. ಒಂಟಿಯಾಗಿ ಕೇಳುವಾಗ ಕಿರಿಕಿರಿ ಎನಿಸುವ ಆ ಗುಂಯ್‌ಕಾರವೇ ಗಿಟಾರ್‌ಗಳ ನಡುವೆ ಸ್ನೇರ್ ಕೇಳಿಸುವಂತೆ ಮಾಡುವುದು. ಗೆಳೆಯನನ್ನು ಬಾರಿಸಲು ಕೂರಿಸಿ, ಇಡೀ ಬ್ಯಾಂಡ್ ನುಡಿಸುವಾಗ ಇಪ್ಪತ್ತು ಅಡಿ ದೂರ ನಿಂತು ಕೇಳಿ, ಆಮೇಲೆ ತೀರ್ಮಾನಿಸಿ. ಆಗಲೂ ಅತಿಯೆನಿಸಿದರೆ ಹಳೇ ಹೆಡ್‌ನಿಂದ ಒಂದು ಇಂಚು ಅಗಲದ ಉಂಗುರ ಕತ್ತರಿಸಿ ಅಂಚಿಗೆ ಹಾಸಿ, ಖರ್ಚಿಲ್ಲ. ರಿಮ್‌ಶಾಟ್ ಬೀಳುವ ಕಡೆಯ ಒಂದೆರಡು ರಾಡ್ ಸಡಿಲವಾಗುತ್ತಲೇ ಇರುತ್ತವೆ. ಅವುಗಳ ಮರೆಗೆ ನಲ್ಲಿ ರಿಪೇರಿಯವರು ಸುತ್ತುವ ಬಿಳಿ ಟೇಪ್ ಒಂದು ಸುತ್ತು ಹಾಕಿದರೆ ತಡೆಯುತ್ತದೆ. ಉಳಿದವಕ್ಕೆ ಮಳೆಗಾಲದಲ್ಲಿ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ತುಕ್ಕು ಹಿಡಿಯುವುದಿಲ್ಲ. ಅಭ್ಯಾಸದ ಕೋಣೆ ಚಿಕ್ಕದಿದ್ದರೆ ಕಿವಿಗೆ ಇಯರ್‌ಪ್ಲಗ್ ಹಾಕದೆ ಕೂರಬೇಡಿ.

ಕಾಲೇಜುಗಳ ಸಾಂಸ್ಕೃತಿಕ ಸಮಿತಿಯವರಲ್ಲೂ ಒಂದು ವಿನಂತಿ. ಪ್ರತಿ ವರ್ಷ ಬಾಡಿಗೆ ಡ್ರಮ್ಸ್ ತರಿಸುವಾಗ ಅದರ ಸ್ನೇರ್ ಯಾವ ಸ್ಥಿತಿಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಮೇಲೆ ಹೇಳಿದಂಥ ಒಂದು ಉಕ್ಕಿನ ಸ್ನೇರ್, ಮೇಲಿನದ್ದೂ ಕೆಳಗಿನದ್ದೂ ಒಂದೊಂದು ಬಿಡಿ ಹೆಡ್, ಒಂದು ಜೊತೆ ತಂತಿ, ಎರಡು ಕೀ ಕಾಲೇಜಿನಲ್ಲೇ ಇದ್ದರೆ, ಸ್ನೇರ್ ಕೊಳ್ಳಲಾಗದ ಹುಡುಗ ಹುಡುಗಿಯರೂ ಅದರಲ್ಲೇ ಬಾರಿಸಬಹುದು. ಕಾರ್ಯಕ್ರಮದ ದಿನ ಸೌಂಡ್ ಚೆಕ್‌ಗೆ ಮೊದಲು ಡ್ರಮ್ಮರ್‌ಗೆ ಟ್ಯೂನಿಂಗ್‌ಗೆಂದೇ ಇಪ್ಪತ್ತು ನಿಮಿಷ ಬಿಟ್ಟುಕೊಡಿ.

– ಡ್ರಮ್ಸ್ ಕಲಿಸುವವರು, ತುಮಕೂರು