ಬರಾಂಜ್ ಗಣಿ: ರಸ್ತೆಯೂ ಚರಂಡಿಯೂ ಒಂದೇ ನಕ್ಷೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿ ತಾಲ್ಲೂಕಿನಲ್ಲಿರುವ ಬರಾಂಜ್ ಕಲ್ಲಿದ್ದಲು ಗಣಿ ನಮ್ಮ ಕರ್ನಾಟಕ ವಿದ್ಯುತ್ ನಿಗಮದ್ದು. 2014ರಲ್ಲಿ ಸುಪ್ರೀಂ ಕೋರ್ಟ್ ದೇಶದ 204 ಕಲ್ಲಿದ್ದಲು ಹಂಚಿಕೆಗಳನ್ನು ರದ್ದು ಮಾಡಿದಾಗ ಕೈತಪ್ಪಿ, ಆಮೇಲೆ ಮತ್ತೆ ನಿಗಮಕ್ಕೇ ಬಂತು. ಬಳ್ಳಾರಿ ಬಳಿ ಕುಡುತಿನಿಯಲ್ಲಿರುವ ನಿಗಮದ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಅಲ್ಲಿಂದ ಎಷ್ಟು ಕಲ್ಲಿದ್ದಲು ಬಂತು ಎಂಬ ಲೆಕ್ಕ ಆಗಾಗ ಪತ್ರಿಕೆಗಳಲ್ಲಿ ಓದುತ್ತೇನೆ. ಆ ಗಣಿಯಲ್ಲಿ ಬಿದ್ದ ಮಳೆ ನೀರು ಯಾವ ಕಡೆ ಹರಿಯುತ್ತದೆ, ಡಂಪರ್ ಓಡುವ ರಸ್ತೆ ಆ ನೀರನ್ನು ಎಲ್ಲೆಲ್ಲಿ ದಾಟುತ್ತದೆ ಎಂದು ಇಲ್ಲಿ ಯಾರೂ ಕೇಳಿದ್ದು ಕಂಡಿಲ್ಲ. ಗಣಿ ನಮ್ಮ ಸರ್ಕಾರದ್ದಾದ ಮೇಲೆ ಕೇಳಬೇಕಾದವರೂ ನಾವೇ.

ನಾನು ಬರಾಂಜ್ ಇರುವ ವಾರ್ಧಾ ಕಣಿವೆಯ ತೆರೆದ ಗಣಿಗಳಲ್ಲಿ ಓವರ್‌ಮನ್, ಅಂದರೆ ಪಾಳಿಯ ಮೇಲ್ವಿಚಾರಕ ಆಗಿ ದುಡಿದು ನಿವೃತ್ತನಾದವನು. ಅಲ್ಲಿನ ಮೇಲ್ಪದರ ನಮ್ಮ ಸಿರುಗುಪ್ಪದ ಹೊಲಗಳಂಥದೇ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಉಬ್ಬಿ ಜಾರುತ್ತದೆ. ತುಂಬಿದ ಡಂಪರ್ ಅದರ ಮೇಲೆ ಜುಲೈ ತಿಂಗಳಲ್ಲಿ ಓಡಬೇಕೆಂದರೆ ರಸ್ತೆಗೆ ಹಾಕುವ ಕಲ್ಲಿಗಿಂತ ಮೊದಲು ಚರಂಡಿ ಸರಿಯಿರಬೇಕು.

ಗಣಿ ಸುರಕ್ಷತಾ ಮಹಾನಿರ್ದೇಶನಾಲಯದವರು ರಸ್ತೆ ನೋಡುವ ಕ್ರಮ ಹಳಬರಿಗೆಲ್ಲ ಬಾಯಿಪಾಠ. ಎರಡೂ ಕಡೆಯಿಂದ ವಾಹನ ಓಡುವ ರಸ್ತೆಯಾದರೆ ಅಗಲ ಅತಿ ದೊಡ್ಡ ಡಂಪರಿನ ಅಗಲದ ಮೂರರಷ್ಟು, ಏರು 16 ಮೀಟರ್ ಉದ್ದಕ್ಕೆ 1 ಮೀಟರ್, ಅಂಚಿನಲ್ಲಿ ಟೈರಿನಷ್ಟು ಎತ್ತರದ ಮಣ್ಣಿನ ಬಂಡ್. ಇವು ಒಳ್ಳೆಯ ನಿಯಮಗಳು, ಜೀವ ಉಳಿಸಿವೆ. ಇನ್ನೊಂದು ಕಡೆ ಕೇಂದ್ರ ಪರಿಸರ ಸಚಿವಾಲಯ ಅನುಮತಿ ಕೊಡುವಾಗ ಗಾರ್ಲೆಂಡ್ ಡ್ರೈನ್ (ಸುತ್ತಲೂ ತೆಗೆಯುವ ಚರಂಡಿ) ಮತ್ತು ಸಂಪ್‌ಗಳನ್ನು (ನೀರು ಸೇರುವ ಗುಂಡಿ) ಅತಿ ಜೋರು ಮಳೆಯ ಲೆಕ್ಕಕ್ಕಿಂತ ಶೇ 50ರಷ್ಟು ಹೆಚ್ಚು ಇಟ್ಟು ಕಟ್ಟಿ ಎಂದು ಗಣಿಗಳಿಗೆ ಷರತ್ತು ಹಾಕುತ್ತದೆ. ಅದೂ ಸರಿಯೇ. ಆದರೆ ರಸ್ತೆಯ ನಕ್ಷೆ ಒಂದು ಕಡತದಲ್ಲಿ, ಚರಂಡಿಯ ನಕ್ಷೆ ಇನ್ನೊಂದರಲ್ಲಿ. ರಸ್ತೆ ಚರಂಡಿಯನ್ನು ದಾಟುವ ಜಾಗ ಯಾವ ಕಡತದಲ್ಲೂ ಸರಿಯಾಗಿ ಇರುವುದಿಲ್ಲ.

ಅಂಚಿನ ಬಂಡ್ ವಿಷಯವನ್ನೇ ತೆಗೆದುಕೊಳ್ಳಿ. ಡಂಪರ್ ಕೆಳಗೆ ಉರುಳದಿರಲು ಅದು ಎಲ್ಲೂ ಕಡಿಯದೆ ಇರಬೇಕು. ಹಾಗೆ ಇದ್ದರೆ ರಸ್ತೆಯ ನೀರು ಹೊರಹೋಗಲು ದಾರಿಯಿಲ್ಲ. ಅದು ಚಕ್ರದ ಜಾಡಿನಲ್ಲೇ ಇಳಿಜಾರು ಹಿಡಿದು ಗಣಿಯ ತಳದವರೆಗೂ ಓಡುತ್ತದೆ. ನೀರು ಬಿಡಲೆಂದು ಶಿಫ್ಟಿನವರು ಬಂಡ್ ಕಡಿಯುತ್ತಾರೆ. ತಪಾಸಣೆ ಬರುತ್ತದೆ ಎಂದರೆ ಗ್ರೇಡರಿನಿಂದ ಕೆಸರು ತಳ್ಳಿ ಮುಚ್ಚುತ್ತಾರೆ. ನಾನಿದ್ದ ಒಂದು ಗಣಿಯಲ್ಲಿ ರಸ್ತೆಯಡಿಯ ಹ್ಯೂಮ್ ಪೈಪ್ (ಕಾಂಕ್ರೀಟ್ ಕೊಳವೆ) ಕಲ್ಲಿದ್ದಲ ಹೂಳಿನಿಂದ ಕಟ್ಟಿಕೊಂಡು, ಮೇಲ್ಗಡೆ ನಿಂತ ನೀರು ರಾತ್ರಿ ಪಾಳಿಯಲ್ಲಿ ರಸ್ತೆಯ ಮೇಲೇ ಹತ್ತಿತು. ಬಂಡ್‌ನ ಬುಡ ಕೊಚ್ಚಿಹೋಯಿತು. ಮೇಲಿನಿಂದ ನೋಡಿದರೆ ಬಂಡ್ ನಿಂತೇ ಇತ್ತು. ಅದನ್ನು ನಂಬಿ ಅಂಚಿಗೆ ಸರಿದ ಡಂಪರ್ ಕೆಳಗಿನ ಬೆಂಚಿಗೆ, ಅಂದರೆ ಗಣಿಯ ಕೆಳಗಿನ ಮೆಟ್ಟಿಲಿಗೆ ಬಿತ್ತು. ಬದುಕಿದ ಆಪರೇಟರ್ ಮತ್ತೆಂದೂ ಸ್ಟಿಯರಿಂಗ್ ಹಿಡಿಯಲಾಗಲಿಲ್ಲ. ರಸ್ತೆಯ ಅಗಲ, ಏರು ಎಲ್ಲ ಕಾಗದದಲ್ಲಿ ಇದ್ದಂತೆಯೇ ಇದ್ದವು.

ಇದಕ್ಕೆ ಪರಿಹಾರ ಗೊತ್ತಿರುವುದೇ. ರಸ್ತೆಯನ್ನು ಒಳಗಡೆಗೆ, ಅಂದರೆ ಗೋಡೆಯ ಕಡೆಗೆ ವಾಲಿಸಿ, ಅಲ್ಲೇ ಬುಡದಲ್ಲಿ ಚರಂಡಿ ತೆಗೆದು, ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ರಸ್ತೆಯಡಿ ಪೈಪ್ ಹಾಕಿ ನೀರನ್ನು ದಾಟಿಸಬೇಕು. ಆಗ ಬಂಡ್ ಕಡಿಯುವ ಪ್ರಮೇಯವೇ ಬರುವುದಿಲ್ಲ. ಪೈಪಿನ ಗಾತ್ರ ಬರೀ ನೀರಿನ ಲೆಕ್ಕದ್ದಾಗಬಾರದು, ಹೂಳಿಗೂ ಜಾಗ ಬೇಕು, ಒಬ್ಬ ಕೆಲಸಗಾರ ಸಲಿಕೆ ಹಿಡಿದು ತಲುಪುವಂತಿರಬೇಕು.

ನೀರಿನ ವಿಷಯದಲ್ಲಿ ಕಲ್ಲಿದ್ದಲು ಸೀಮೆ ಕಲಿತ ಪಾಠಗಳು ಕಡಿಮೆಯಿಲ್ಲ. 1995ರ ಸೆಪ್ಟೆಂಬರಿನಲ್ಲಿ ಧನಬಾದ್ ಬಳಿಯ ಗಸ್ಲಿಟಾಂಡ್‌ನಲ್ಲಿ ಜೋರು ಮಳೆಗೆ ಕತ್ರಿ ನದಿಯ ನೀರು ಗಣಿಯೊಳಕ್ಕೆ ನುಗ್ಗಿ 64 ಮಂದಿ ಸತ್ತರು. 2019ರಲ್ಲಿ ಛತ್ತೀಸಗಢದ ದೀಪ್ಕಾ ತೆರೆದ ಗಣಿಗೆ ಲೀಲಾಗರ್ ನದಿ ಹೊಕ್ಕಿತು. ಗಣಿಯ ಬಾಯಿ ಅತಿ ಹೆಚ್ಚಿನ ಪ್ರವಾಹ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕೆಂಬ ನಿಯಮ ಬಹಳ ಹಳೆಯದು. ಒಳಗಿನ ರಸ್ತೆಗಳ ಚರಂಡಿಗೂ ಅಷ್ಟೇ ಖಚಿತವಾದ ಅಳತೆ ಬರಬೇಕು.

ನಿಗಮಕ್ಕೆ ನನ್ನ ಕೋರಿಕೆ ಇಷ್ಟು. ಬರಾಂಜ್‌ನ ಡಂಪರ್ ರಸ್ತೆಗಳ ಉದ್ದಕ್ಕೂ ಏರಿಳಿತ, ಪ್ರತಿ ದಾಟಿನಲ್ಲಿ ಚರಂಡಿಯ ತಳಮಟ್ಟ, ಪೈಪಿನ ಅಳತೆ, ನೀರು ಕೊನೆಗೆ ಸೇರುವ ಹೂಳುಗುಂಡಿ, ಇವೆಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆಸಿ ಸುರಕ್ಷತಾ ನಿರ್ದೇಶನಾಲಯ ಮತ್ತು ಪರಿಸರ ಸಚಿವಾಲಯ ಎರಡರ ಮುಂದೂ ಇಡಲಿ. ಆರು ತಿಂಗಳಿಗೊಮ್ಮೆ ಸಲ್ಲಿಸುವ ಪರಿಸರ ಪಾಲನಾ ವರದಿಯ ಜೊತೆ ಆ ಹಾಳೆಯನ್ನೂ ಜನರಿಗೆ ಕಾಣುವಂತೆ ಪ್ರಕಟಿಸಲಿ. ಪರಿಶೀಲನೆಗೆ ಹೋಗುವವರು ಜೀಪಿನಿಂದ ಇಳಿದು, ಇಬ್ಬರು ಡಂಪರ್ ಆಪರೇಟರುಗಳನ್ನು ಜೊತೆಗೆ ಕರೆದುಕೊಂಡು ರಸ್ತೆಯುದ್ದಕ್ಕೂ ನಡೆಯಲಿ. ನೀರು ಎಲ್ಲಿ ನಿಲ್ಲುತ್ತದೆಂದು ಅವರಿಗೆ ಗೊತ್ತಿರುತ್ತದೆ. ಚಂದ್ರಾಪುರದಲ್ಲಿ ಮುಂಗಾರು ಜೂನ್‌ನಲ್ಲಿ ಶುರುವಾಗುತ್ತದೆ, ಆದ್ದರಿಂದ ಈ ಕೆಲಸ ಮೇ ತಿಂಗಳೊಳಗೆ ಮುಗಿಯಬೇಕು. ಬಳ್ಳಾರಿ, ರಾಯಚೂರು ಭಾಗದ ಶಾಸಕರು ಮುಂದಿನ ಅಧಿವೇಶನದಲ್ಲಿ ಇಂಧನ ಸಚಿವರಿಗೆ ಈ ಪ್ರಶ್ನೆ ಕೇಳಲಿ ಎಂದು ಒತ್ತಾಯಿಸುತ್ತೇನೆ.

– ನಿವೃತ್ತ ಓವರ್‌ಮನ್, ಸಿರುಗುಪ್ಪ