ನಮ್ಮ ಮ್ಯಾನೇಜರ್‌ಗೂ ನೈಟ್ ಶಿಫ್ಟ್‌ನವರಿಗೂ ಥ್ಯಾಂಕ್ಸ್

ಎಲ್ಲರಿಗೂ ನಮಸ್ಕಾರ. ಅಡಲ್ಟ್ ಕೇರ್ ಲೀಡರ್‌ಶಿಪ್‌ನ ಲೆವೆಲ್ 5 ಡಿಪ್ಲೊಮಾ ಪಾಸಾದೆ! ಮುಂದಿನ ತಿಂಗಳಿಂದ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ಇದೇ ಕೇರ್ ಹೋಮ್‌ನಲ್ಲಿ ಡೆಪ್ಯುಟಿ ಮ್ಯಾನೇಜರ್ ಆಗುತ್ತಿದ್ದೇನೆ. ಹಾಸನದ ಮನೆಯವರೂ ಓದಲಿ ಅಂತ ಕನ್ನಡದಲ್ಲೇ ಬರೆಯುತ್ತಿದ್ದೇನೆ.

2022ರ ಫೆಬ್ರವರಿಯಲ್ಲಿ ಬ್ರಿಟನ್ ಸಾಮಾನ್ಯ ಕೇರ್ ವರ್ಕರ್‌ಗಳಿಗೂ ವೀಸಾ ಕೊಡಲು ಶುರು ಮಾಡಿತಲ್ಲ, ಆಮೇಲೆ ಬಂದವರಲ್ಲಿ ನಾನೂ ಒಬ್ಬಳು. ಮೊದಲು ಸೇರಿದ್ದು ಬೇರೆ ಕಡೆ, ಮನೆ ಮನೆಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸಕ್ಕೆ. ನಾಳೆಯ ರೋಟಾ, ಅಂದರೆ ಯಾರಿಗೆ ಯಾವಾಗ ಡ್ಯೂಟಿ ಅನ್ನುವ ಪಟ್ಟಿ, ಇವತ್ತು ರಾತ್ರಿ ಫೋನಿಗೆ ಬರುತ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವ ಹೊತ್ತಿಗೆ ಸಂಬಳವಿಲ್ಲ, ಯಾಕೆ ಅಂತ ಕೇಳಿದರೆ ಉತ್ತರವೂ ಇಲ್ಲ. ಆದರೂ ಬಿಡಲಿಲ್ಲ. ಬಿಟ್ಟರೆ ಸಾಮಾನ್ಯವಾಗಿ 60 ದಿನದೊಳಗೆ ಬೇರೆ ಸ್ಪಾನ್ಸರ್, ಅಂದರೆ ಕೆಲಸ ಕೊಟ್ಟು ವೀಸಾಗೆ ಹೊಣೆಯಾಗುವ ಸಂಸ್ಥೆ, ಹುಡುಕಿಕೊಳ್ಳಬೇಕು. ಬರೀ ಹೆದರಿಕೆಯಿಂದಲೇ ಅಲ್ಲಿದ್ದೆ.

ಈ ಹೋಮ್‌ಗೆ ಬಂದಾಗ ನಾನು ಗಮನಿಸಿದ್ದು ಇಲ್ಲಿಯವರೇ ಆದ ಸಹೋದ್ಯೋಗಿಗಳನ್ನು. ಅವರಿಗೆ ವೀಸಾದ ಭಯವಿಲ್ಲ, ಸೂಪರ್‌ಮಾರ್ಕೆಟ್‌ಗೆ ಹೋದರೂ ಹೆಚ್ಚುಕಡಿಮೆ ಇಷ್ಟೇ ಸಂಬಳ ಸಿಗುತ್ತದೆ. ಇಂಗ್ಲೆಂಡಿನ ಕೇರ್ ಕೆಲಸದಲ್ಲಿ ವರ್ಷಕ್ಕೆ ಸುಮಾರು ನಾಲ್ಕರಲ್ಲಿ ಒಬ್ಬರು ಇದ್ದ ಜಾಗ ಬಿಟ್ಟು ಹೋಗುತ್ತಾರೆ. ಇವರು ಮಾತ್ರ ವರ್ಷಗಟ್ಟಲೆ ಇಲ್ಲೇ ಇದ್ದಾರೆ. ಅದಕ್ಕೆ ದೊಡ್ಡ ಕಾರಣ ನಮ್ಮ ಮ್ಯಾನೇಜರ್.

ರೋಟಾ ನಾಲ್ಕು ವಾರ ಮುಂಚೆ ಬರುತ್ತದೆ. ಬೆಳಗ್ಗೆ ಜನ ಕಮ್ಮಿ ಬಿದ್ದರೆ ಅವರೇ ಏಪ್ರನ್ ಕಟ್ಟಿಕೊಂಡು ತಿಂಡಿ ತಿನ್ನಿಸಲು ಬರುತ್ತಾರೆ. ಸೂಪರ್‌ವಿಷನ್ (ಮ್ಯಾನೇಜರ್ ಒಬ್ಬೊಬ್ಬರ ಜೊತೆ ಕೂತು ಕೆಲಸದ ಬಗ್ಗೆ ಮಾತಾಡುವುದು) ಅಂದರೆ ಸುಮ್ನೆ ಫಾರಂ ತುಂಬುವುದಲ್ಲ. ಬಾಗಿಲು ಹಾಕಿ, ಫೋನ್ ಪಕ್ಕಕ್ಕಿಟ್ಟು, ಏನು ಕಷ್ಟ ಅಂತ ಕೇಳಿ ಬರೆದುಕೊಳ್ಳುತ್ತಾರೆ, ಮತ್ತೆ ಮುಂದಿನ ಸಲ ಅದು ಏನಾಯಿತು ಅಂತ ಅವರೇ ಹೇಳುತ್ತಾರೆ. ಒಮ್ಮೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಜ್ಜಿಯೊಬ್ಬರು ಸ್ನಾನದ ಹೊತ್ತಿಗೆ ನನಗೆ ಹೊಡೆದುಬಿಟ್ಟರು. "ನೀನೇನು ಮಾಡಿದೆ?" ಅಂತ ಕೇಳಲಿಲ್ಲ ನಮ್ಮ ಮ್ಯಾನೇಜರ್. ಮೊದಲು ಕೂರಿಸಿ ಟೀ ಕೊಟ್ಟರು. ಆಮೇಲೆ ಇಬ್ಬರೂ ಸೇರಿ ಅಜ್ಜಿಯನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬರೆದಿಟ್ಟ ಕೇರ್ ಪ್ಲಾನ್ ತೆಗೆದು ನೋಡಿದೆವು, ಬೆಳಗಿನ ಹೊತ್ತು ಅವರಿಗೆ ಮಂಡಿನೋವು ಜಾಸ್ತಿ. ಸ್ನಾನವನ್ನು ಮಧ್ಯಾಹ್ನಕ್ಕೆ ಹಾಕಿದೆವು, ಆಮೇಲೆ ಅಜ್ಜಿ ಹೊಡೆಯಲಿಲ್ಲ. ನಾವು ನೋಡಿಕೊಂಡವರು ತೀರಿಕೊಂಡರೆ ಅಂತ್ಯಕ್ರಿಯೆಗೆ ಹೋಗಿ ಬರಲು ಸಂಬಳ ಕತ್ತರಿಸದೆ ಬಿಡುತ್ತಾರೆ. ಇದು ನನಗೆ ತುಂಬಾ ದೊಡ್ಡ ವಿಷಯ.

2025ರ ಜುಲೈ 22ರಿಂದ ಕೇರ್ ವರ್ಕರ್‌ಗಳನ್ನು ಹೊರದೇಶದಿಂದ ಹೊಸದಾಗಿ ಕರೆಸುವುದು ನಿಂತಿದೆ. ಇನ್ನು ಇರುವವರನ್ನೇ ಚೆನ್ನಾಗಿ ನೋಡಿಕೊಂಡು ಉಳಿಸಿಕೊಳ್ಳಬೇಕು, ಅಲ್ವಾ? ನನ್ನನ್ನು ಓದಲು ಕೂರಿಸಿದ್ದೂ ನಮ್ಮ ಮ್ಯಾನೇಜರೇ. ಥ್ಯಾಂಕ್ಸ್ ಅಂದರೆ ಕಮ್ಮಿಯಾಗುತ್ತದೆ. ಅಸೈನ್‌ಮೆಂಟ್ ಬರೆಯುವಾಗ ನನ್ನ ಶಿಫ್ಟ್ ತಗೊಂಡ ನೈಟ್ ಶಿಫ್ಟ್ ಗೆಳತಿಯರಿಗೆ, ಮಗಳಿಗೆ ಜಡೆ ಹಾಕುವುದನ್ನೂ ಕಲಿತ ನಮ್ಮ ಮನೆಯವರಿಗೆ ತುಂಬಾ ತುಂಬಾ ಧನ್ಯವಾದ.

ಇಲ್ಲೇ ಇದ್ದು ಬೇರೆ ಸ್ಪಾನ್ಸರ್ ಹುಡುಕುತ್ತಿರುವ ನಮ್ಮವರೇ, ಇಂಟರ್‌ವ್ಯೂನಲ್ಲಿ ರೋಟಾ ಎಷ್ಟು ದಿನ ಮುಂಚೆ ಕೊಡುತ್ತೀರಿ, ಸೂಪರ್‌ವಿಷನ್ ಎಷ್ಟು ದಿನಕ್ಕೊಮ್ಮೆ ಅಂತ ಧೈರ್ಯವಾಗಿ ಕೇಳಿ. ಗೊತ್ತಾಗದಿದ್ದರೆ ನನಗೆ ಮೆಸೇಜ್ ಮಾಡಿ, ಡ್ಯೂಟಿ ಮುಗಿದ ಮೇಲೆ ಖಂಡಿತ ಉತ್ತರ ಕೊಡುತ್ತೇನೆ.