ನೇಪಾಳಕ್ಕೆ ಹೊರಟ ಮಗಳಿಗೆ

ಪುಟ್ಟಿ,

ಮೊನ್ನೆ ಊಟಕ್ಕೆ ಕೂತಾಗ ಆಡಿದ ಮಾತು ತಪ್ಪು. "ಗಂಡ ಸತ್ತ ಅನುಕಂಪದಲ್ಲಿ ಗೆದ್ದವಳ ಮೇಲೆ ಪಿಎಚ್‌ಡಿ ಮಾಡೋಕೆ ಕಠ್ಮಂಡುವರೆಗೆ ಹೋಗಬೇಕಾ" ಅಂದುಬಿಟ್ಟೆ. ನಿನ್ನಮ್ಮ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ.

ನೀನು ಬಿಟ್ಟುಹೋದ ಹಾಳೆಗಳನ್ನು ಓದಿದೆ. ನಾನು ಹಾಗೆ ಅಂದಿದ್ದು ನೇಪಾಳದ ರಾಷ್ಟ್ರಪತಿಯಾಗಿದ್ದ ವಿದ್ಯಾದೇವಿ ಭಂಡಾರಿಯವರನ್ನು. ಅಲ್ಲಿ ಪಾರ್ಟಿಗಳಿಗೇ ನಿಷೇಧ ಇದ್ದ ಕಾಲದಲ್ಲಿ ಅವರು ಕಮ್ಯುನಿಸ್ಟ್ ಪಾರ್ಟಿ ಸೇರಿದ್ದರಂತೆ, ಅದು ನನಗೆ ಗೊತ್ತಿರಲಿಲ್ಲ. 1991ರಲ್ಲಿ ಗಂಡ ಮದನ್ ಭಂಡಾರಿ ಸೋಲಿಸಿದ್ದು ಆಗ ಪ್ರಧಾನಿಯಾಗಿದ್ದ ಕೃಷ್ಣಪ್ರಸಾದ್ ಭಟ್ಟರಾಯ್ ಅವರನ್ನು. ಗಂಡ ಹೋದ ಮೇಲೆ ಉಪಚುನಾವಣೆಯಲ್ಲಿ ಇವರು ಸೋಲಿಸಿದ್ದೂ ಅವರನ್ನೇ. ಅದು ಅನುಕಂಪ ಅಂತಲೇ ಇಟ್ಟುಕೋ. ಆಮೇಲೂ ಗೆದ್ದರು, 2008ರಲ್ಲಿ ಸೋತರು, ಮರುವರ್ಷ ರಕ್ಷಣಾ ಮಂತ್ರಿ, 2015ರಲ್ಲಿ ಎದುರಾಳಿಯ 214 ಓಟಿಗೆ 327 ಓಟು ಪಡೆದು ರಾಷ್ಟ್ರಪತಿ. ಅನುಕಂಪ ಅಷ್ಟು ವರ್ಷ ಬಾಳಲ್ಲ, ಅಲ್ವಾ.

ಆದರೆ ಓದುತ್ತಾ ನನ್ನ ಮನಸ್ಸು ಸಿಕ್ಕಿಕೊಂಡಿದ್ದು ದಾಸಢುಂಗಾ ಅನ್ನೋ ಜಾಗದಲ್ಲಿ. 1993ರ ಮೇ 16. ಪೋಖರಾದಿಂದ ಚಿತವನದ ಕಡೆ ಬರುತ್ತಿದ್ದ ಜೀಪು ತ್ರಿಶೂಲಿ ಹೊಳೆಗೆ ಬಿತ್ತು. ಮದನ್ ಭಂಡಾರಿ, ಅದೇ ಪಾರ್ಟಿಯ ನಾಯಕ ಜೀವರಾಜ್ ಆಶ್ರಿತ್ ಇಬ್ಬರೂ ಹೋದರು, ಡ್ರೈವರ್ ಅಮರ್ ಲಾಮಾ ಉಳಿದ. ಅಪಘಾತವೋ ಕೊಲೆಯೋ ಅನ್ನುವ ಜಗಳ ಇನ್ನೂ ನಿಂತಿಲ್ಲ. 2003ರಲ್ಲಿ ಆ ಡ್ರೈವರನ್ನೂ ಯಾರೋ ಕೊಂದರು. ಮೂವತ್ತು ವರ್ಷ ಬಸ್ ಓಡಿಸಿದವನು ನಾನು, ರಾತ್ರಿ ಮಲಗಿದರೂ ಅದೇ ಲೆಕ್ಕ: ಬಾಗಿಲು ತೆಗೆದೇ ಇತ್ತಾ, ಹಾರಿದನಾ, ಇಲ್ಲ ನೀರೇ ಎಳೆದು ದಡಕ್ಕೆ ಹಾಕಿತಾ, ಬ್ರೇಕ್ ಹಿಡಿದನೋ ಇಲ್ಲವೋ. ಬದುಕಿ ಉಳಿದ ಡ್ರೈವರನ್ನು ಜನ ಹೇಗೆ ನೋಡುತ್ತಾರೆ ಅಂತ ನನಗೆ ಗೊತ್ತು. ಚಾರ್ಮಾಡಿ ವಿಷಯ ಇಲ್ಲಿ ಬೇಡ. ಗಂಡ ಹೋದಾಗ ವಿದ್ಯಾದೇವಿಗೆ 31 ವರ್ಷ, ಎರಡು ಸಣ್ಣ ಹೆಣ್ಣುಮಕ್ಕಳು. ಆ ಸುದ್ದಿ ಹೇಳಲು ಬಾಗಿಲಲ್ಲಿ ನಿಂತವರು ಯಾರೋ ಏನೋ.

ನೀನು ಹೋಗಬೇಕು ಅಂತಿರುವುದೂ ಅದೇ ರಸ್ತೆ. ಮುಗ್ಲಿಂಗ್‌ನಿಂದ ನಾರಾಯಣಗಢಕ್ಕೆ 36 ಕಿಲೋಮೀಟರ್, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಹೊಳೆ. 2024ರ ಜುಲೈನಲ್ಲಿ ಅಲ್ಲೇ ಸಿಮಲ್‌ತಾಲ್ ಹತ್ತಿರ ಬೆಳಗಿನ ಜಾವ ಗುಡ್ಡ ಜರಿದು, 60ಕ್ಕೂ ಜಾಸ್ತಿ ಜನರಿದ್ದ ಎರಡು ಬಸ್ಸುಗಳನ್ನು ಹೊಳೆಗೆ ತಳ್ಳಿತು.

ಇನ್ನೊಂದು ಮಾತು. ವಿದ್ಯಾದೇವಿಯವರನ್ನು ಸುಮ್ನೆ ಹೊಗಳಿ ಬರೆಯಬೇಡ. ಆಗಿನ ಪ್ರಧಾನಿ ಓಲಿ ಹೇಳಿದರು ಅಂತ 2020ರ ಡಿಸೆಂಬರ್‌ನಲ್ಲಿ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ವಿಸರ್ಜಿಸಿದರು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಐದು ತಿಂಗಳಲ್ಲಿ ಮತ್ತೆ ಅದೇ ಕೆಲಸ, ಮತ್ತೆ ಕೋರ್ಟ್ ಅದೇ ತೀರ್ಪು. 2022ರಲ್ಲಿ ಸಂಸತ್ತು ಎರಡು ಸಲ ಕಳಿಸಿದ ಪೌರತ್ವ ಮಸೂದೆಗೆ ಮಾತ್ರ ಸಹಿ ಇಲ್ಲ! ಇದನ್ನೂ ಬರಿ. ನೀನೂ ಅಷ್ಟೇ, ಹಾಸ್ಟೆಲ್‌ನವರು ಕೊಟ್ಟ ಕಾಗದಕ್ಕೆಲ್ಲ ಓದದೆ ಸಹಿ ಹಾಕಬೇಡ, ಪಾಸ್‌ಪೋರ್ಟ್ ಯಾರ ಕೈಗೂ... ನೋಡು, ಮತ್ತೆ ಪಾಠ ಶುರುವಾಯಿತು.

ನಮ್ಮ ಮನೆಯಲ್ಲಿ ಎಸೆಸೆಲ್ಸಿ ದಾಟಿದವಳು ನೀನೇ ಮೊದಲು. ನೀನು ಹೊರಟ ವಿಷಯ ಹಳೇ ಡಿಪೋಗೆ ಹೋಗಿ ಎಲ್ಲರಿಗೂ ಹೇಳಿ ಬಂದೆ. ಬೈದಿದ್ದನ್ನು ಹೇಳಲಿಲ್ಲ.

ಚಟ್ನಿಪುಡಿ ಕಪ್ಪು ಬ್ಯಾಗಿನಲ್ಲಿದೆ. ಚಿತವನಕ್ಕೆ ಹೋಗುವುದಾದರೆ ಮಳೆಗಾಲ ಮುಗಿಯಲಿ, ಹಗಲಿನ ಬಸ್ಸೇ ಹತ್ತು. ನಾರಾಯಣಗಢ ಮುಟ್ಟಿದ ಕೂಡಲೇ ಫೋನ್ ಮಾಡು. ಅಮ್ಮನಿಗಲ್ಲ, ನನಗೆ.

ಅಪ್ಪ